ಲ್ಯಾಸೆನ್ ಶಿಖರವನ್ನು ಮೊದಲ ದಿನವೇ ಹತ್ತಬೇಡಿ

ಊರಿನಿಂದ ಹಿರಿಯರು ಬಂದಾಗ, ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕಾಗ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ನೆಲೆಸಿರುವ ನಮ್ಮ ಜನ ಯೊಸೆಮಿಟಿಗೆ ಹೋಗುತ್ತಾರೆ, ಟಾಹೋ ಸರೋವರಕ್ಕೆ ಹೋಗುತ್ತಾರೆ. ಉತ್ತರಕ್ಕೆ ಐದು ಗಂಟೆಯೊಳಗೆ ತಲುಪಬಹುದಾದ ಲ್ಯಾಸೆನ್ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದ ಹೆಸರು ಹೇಳಿದರೆ ಅದೆಲ್ಲಿದೆ ಎಂದು ಕೇಳುವವರೇ ಹೆಚ್ಚು. ಹೋದವರಲ್ಲೂ ಬಹಳ ಮಂದಿ ಶನಿವಾರ ಬೆಳಿಗ್ಗೆ ಹೊರಟು, ಮಧ್ಯಾಹ್ನದ ಬಿಸಿಲಿಗೆ ನೇರವಾಗಿ ಶಿಖರದ ಬುಡ ಸೇರಿ, ಏದುಸಿರು ಬಿಡುತ್ತಾ ಹತ್ತಿ, ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅಷ್ಟು ದೂರ ಬಂದು ಕಥೆಯ ನಡುವಿನ ಒಂದು ಪುಟ ಹರಿದುಕೊಂಡು ಹೋಗುತ್ತಾರಲ್ಲ ಎನಿಸುತ್ತದೆ.

ಈ ಸೀಮೆಯಲ್ಲಿ ನಡೆಯುವುದಕ್ಕೆ ಒಂದು ಕ್ರಮವಿದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮೊದಲು ಅಳಿದುಹೋದ ಹಳೆಯ ಪರ್ವತ. ಆಮೇಲೆ ನೆಲದಡಿಯಲ್ಲಿ ಈಗಲೂ ಇರುವ ಬಿಸಿ. ನಂತರ 1915ರ ಸ್ಫೋಟ ಹರಡಿಹೋದ ಕಲ್ಲುಗಳು. ಅವನ್ನೆಲ್ಲ ನೋಡಿಯಾದ ಮೇಲೆ ಶಿಖರ, ಕೊನೆಗೆ ಸಿಂಡರ್ ಕೋನ್ ಎಂಬ ಕಿಟ್ಟದ ಗುಡ್ಡ. ಹೀಗೆ ಹೋದರೆ ಎರಡು ಲಾಭ. ಸಮುದ್ರಮಟ್ಟದಿಂದ ಬಂದ ದೇಹ ಮೇಲಿನ ತೆಳುಗಾಳಿಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಶಿಖರದ ಮೇಲೆ ನಿಂತಾಗ ಕೆಳಗೆ ಕಾಣುವ ಪ್ರತಿಯೊಂದು ಬೋಳು ಪಟ್ಟೆಯ, ಪ್ರತಿಯೊಂದು ಕಪ್ಪು ಹರವಿನ ಗುರುತು ನಿಮಗೆ ಮೊದಲೇ ಸಿಕ್ಕಿರುತ್ತದೆ. ಇದಕ್ಕೆ ಮೂರು ರಾತ್ರಿಯಾದರೂ ಬೇಕು. ಎರಡೇ ರಾತ್ರಿ ಇದ್ದರೆ ಸಿಂಡರ್ ಕೋನ್ ಬಿಡಿ; ಕ್ರಮವನ್ನು ಬಿಡಬೇಡಿ.

ಯಾವಾಗ, ಯಾವ ಬಾಗಿಲಿನಿಂದ

ಜುಲೈ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ. ಅದಕ್ಕಿಂತ ಮುಂಚೆ ಹೋಗುವುದಾದರೆ ಹೊರಡುವ ಮೊದಲು ರಸ್ತೆ ತೆರೆದಿದೆಯೇ ಎಂದು ಉದ್ಯಾನದ ಜಾಲತಾಣದಲ್ಲಿ ನೋಡಲೇಬೇಕು. ಉದ್ಯಾನದ ನಡುವೆ ಹಾದುಹೋಗುವ ಹೆದ್ದಾರಿ ಶಿಖರದ ಬುಡದಲ್ಲಿ 8,512 ಅಡಿ ಎತ್ತರಕ್ಕೆ ಏರುತ್ತದೆ. ಚಳಿಗಾಲದ ಹಿಮವನ್ನು ಯಂತ್ರಗಳು ಕೊರೆದು ದಾರಿ ಬಿಡಿಸುವಷ್ಟರಲ್ಲಿ ಸಾಮಾನ್ಯವಾಗಿ ಜೂನ್ ಬಂದಿರುತ್ತದೆ, ಹಿಮ ಹೆಚ್ಚು ಬಿದ್ದ ವರ್ಷ ಜುಲೈ. ನವೆಂಬರಿನ ಹೊತ್ತಿಗೆ ಮತ್ತೆ ಮುಚ್ಚುತ್ತದೆ. ಜುಲೈ ಆರಂಭದಲ್ಲಿ ಸರೋವರಗಳ ದಡದಲ್ಲಿ ಸೊಳ್ಳೆಗಳ ಕಾಟ ಬೇರೆ. ನನ್ನನ್ನು ಕೇಳಿದರೆ ಸೆಪ್ಟೆಂಬರಿನ ಎರಡನೆಯ ವಾರ ಎಲ್ಲಕ್ಕಿಂತ ಒಳ್ಳೆಯದು: ಶಾಲೆಗಳು ಶುರುವಾಗಿ ಜನ ಕಡಿಮೆಯಾಗಿರುತ್ತಾರೆ, ಆಕಾಶ ಗಟ್ಟಿ ನೀಲಿಯಾಗಿರುತ್ತದೆ. ಆದರೆ ಆಗಸ್ಟ್, ಸೆಪ್ಟೆಂಬರ್ ಎರಡೂ ಕಾಳ್ಗಿಚ್ಚಿನ ತಿಂಗಳುಗಳು. ಹೊರಡುವ ಹಿಂದಿನ ದಿನ ಗಾಳಿಯ ಗುಣಮಟ್ಟವನ್ನು ನೋಡಿಕೊಳ್ಳಿ. ದಟ್ಟ ಹೊಗೆಯಿದ್ದರೆ ಯಾತ್ರೆಯನ್ನು ಮುಂದಕ್ಕೆ ಹಾಕಿ, ಹಟ ಮಾಡಬೇಡಿ.

ದಕ್ಷಿಣದಿಂದ ಬರುವವರು ಐದನೇ ನಂಬರ್ ಅಂತರರಾಜ್ಯ ಹೆದ್ದಾರಿಯಲ್ಲಿ ರೆಡ್ ಬ್ಲಫ್ ತಲುಪಿ, ಅಲ್ಲಿಂದ 36ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ತಿರುಗಿ ನೈಋತ್ಯದ ಬಾಗಿಲಿಗೆ ಬರಬೇಕು. ರೆಡ್ಡಿಂಗ್ ಕಡೆಯಿಂದ 44ನೇ ಹೆದ್ದಾರಿ ಹಿಡಿದು ವಾಯವ್ಯದ ಬಾಗಿಲಿಗೂ ಬರಬಹುದು. ಆದರೆ ನಾನು ಹೇಳುವ ಕ್ರಮ ಶುರುವಾಗುವುದು ನೈಋತ್ಯದಿಂದ. ಬೇಸಿಗೆಯಲ್ಲಿ ಒಂದು ಕಾರಿಗೆ 30 ಡಾಲರ್ ಪ್ರವೇಶ ಶುಲ್ಕ, ಏಳು ದಿನ ನಡೆಯುತ್ತದೆ. ಪೆಟ್ರೋಲನ್ನು ರೆಡ್ ಬ್ಲಫ್‌ನಲ್ಲೇ ತುಂಬಿಸಿಕೊಳ್ಳಿ. ಉದ್ಯಾನದೊಳಗೆ ಮೊಬೈಲ್ ಬಹುತೇಕ ಕಡೆ ಸತ್ತುಹೋಗುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ, ಇಬ್ಬರು ಬೇರೆಯಾದರೆ ಎಲ್ಲಿ ಸೇರಬೇಕು ಎಂಬುದನ್ನು ಕಾರಿನಿಂದ ಇಳಿಯುವ ಮುಂಚೆಯೇ ಬಾಯಿಮಾತಿನಲ್ಲಿ ಗೊತ್ತು ಮಾಡಿಕೊಳ್ಳಿ.

ಉಳಿದುಕೊಳ್ಳುವುದಕ್ಕೆ ವಾಯವ್ಯ ಮೂಲೆಯ ಮ್ಯಾಂಜನೀಟಾ ಸರೋವರದ ಬಿಡಾರ ನನ್ನ ಆಯ್ಕೆ. ಅದು ಸುಮಾರು 5,900 ಅಡಿ ಎತ್ತರದಲ್ಲಿದೆ. ಹಗಲೆಲ್ಲ ಎಂಟು ಸಾವಿರ ಅಡಿಯ ಮೇಲೆ ಓಡಾಡಿ ರಾತ್ರಿ ಕೆಳಗೆ ಬಂದು ಮಲಗಿದರೆ ತಲೆನೋವು ಬರುವುದು ಕಡಿಮೆ. ಜಾಗವನ್ನು ತಿಂಗಳುಗಳ ಮುಂಚೆಯೇ ಕಾದಿರಿಸಬೇಕು. ಒಂದು ಮಾತನ್ನು ಮನೆಮಂದಿಗೆಲ್ಲ ಮನದಟ್ಟು ಮಾಡಿಸಿ: ಇದು ಕರಡಿಗಳ ಕಾಡು. ನಾನು ಇಲ್ಲಿಗೆ ಬರುವಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಕಟ್ಟಿಕೊಂಡು ಬರುತ್ತೇನೆ. ಕೆಡುವುದಿಲ್ಲ, ಹಗುರ, ಬೆಟ್ಟ ಹತ್ತುವ ಹೊಟ್ಟೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರ ವಾಸನೆ ನನಗೆ ಎಷ್ಟು ಪ್ರಿಯವೋ ಕರಡಿಗೂ ಅಷ್ಟೇ ಪ್ರಿಯ. ಬಿಡಾರದ ಪ್ರತಿ ಜಾಗದಲ್ಲೂ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಆಹಾರ, ಉಪ್ಪಿನಕಾಯಿ ಡಬ್ಬಿ, ಹಲ್ಲುಜ್ಜುವ ಪೇಸ್ಟು, ತಲೆಗೆ ಹಚ್ಚುವ ಎಣ್ಣೆ ಎಲ್ಲವೂ ಅದರೊಳಗೆ ಹೋಗಬೇಕು. ಕಾರಿನಲ್ಲಿ ಬಿಡಬೇಡಿ, ಡೇರೆಯಲ್ಲಂತೂ ಬೇಡವೇ ಬೇಡ.

ಅಳಿದ ಪರ್ವತ

ನೈಋತ್ಯದ ಬಾಗಿಲು ದಾಟಿದ ಕೂಡಲೇ ಕೋಮ್ ಯಾಹ್-ಮಾಹ್-ನೀ ಸಂದರ್ಶಕರ ಕೇಂದ್ರ ಸಿಗುತ್ತದೆ. ಲ್ಯಾಸೆನ್ ಶಿಖರಕ್ಕೆ ಇಲ್ಲಿನ ಮೂಲನಿವಾಸಿಗಳಾದ ಮೈದು ಜನರು ಇಟ್ಟ ಹೆಸರು ಅದು. ಮೈದು, ಯಾನ, ಯಾಹಿ, ಅಟ್ಸುಗೇವಿ ಈ ನಾಲ್ಕು ಸಮುದಾಯಗಳು ಬೇಸಿಗೆಯಲ್ಲಿ ಬೇಟೆ ಮತ್ತು ಗೆಡ್ಡೆಗೆಣಸಿಗಾಗಿ ಇಲ್ಲಿಗೆ ಏರಿಬಂದು, ಹಿಮ ಬೀಳುವ ಮುಂಚೆ ಇಳಿದುಹೋಗುತ್ತಿದ್ದವು. ಒಳಗಿರುವ ಉಬ್ಬುನಕ್ಷೆಯ ಮುಂದೆ ಐದು ನಿಮಿಷ ನಿಲ್ಲಿ. ಆಮೇಲೆ ಹೊರಗೆ ಬಂದು ಸುತ್ತಲಿನ ಬೆಟ್ಟಗಳನ್ನು ನೋಡಿ.

ಎಡಕ್ಕೆ ಬ್ರೋಕಾಫ್ ಮೌಂಟನ್, ಅದರಾಚೆ ಮೌಂಟ್ ಡಿಲರ್, ಇತ್ತ ಮೌಂಟ್ ಕೊನಾರ್ಡ್. ಇವು ಬೇರೆ ಬೇರೆ ಬೆಟ್ಟಗಳಲ್ಲ. ಸುಮಾರು ಆರು ಲಕ್ಷದಿಂದ ನಾಲ್ಕು ಲಕ್ಷ ವರ್ಷಗಳ ಹಿಂದೆ ಇಲ್ಲಿ ಟೆಹಾಮಾ ಅಥವಾ ಬ್ರೋಕಾಫ್ ಜ್ವಾಲಾಮುಖಿ ಎಂದು ಕರೆಯುವ ಒಂದು ಬೃಹತ್ ಪರ್ವತ ಬೆಳೆದು ನಿಂತಿತ್ತು. ಎತ್ತರ ಸುಮಾರು 11,000 ಅಡಿ. ಈಗ ಉಳಿದಿರುವುದು ಅದರ ಅಂಚುಗಳು ಮಾತ್ರ. ಈ ಬೆಟ್ಟಗಳನ್ನು ಮನಸ್ಸಿನಲ್ಲೇ ಒಂದು ಗೆರೆಯಿಂದ ಕೂಡಿಸಿ, ಇಳಿಜಾರುಗಳನ್ನು ಮೇಲಕ್ಕೆ ಎಳೆಯಿರಿ. ನಿಮ್ಮ ನೆತ್ತಿಯ ಮೇಲೆ, ಈಗ ಬರಿಯ ಗಾಳಿ ಇರುವಲ್ಲಿ, ಒಂದು ತುದಿ ಸೇರುತ್ತದೆ. ಅದು ಸ್ಫೋಟಿಸಿ ಹಾರಿಹೋಗಲಿಲ್ಲ. ಒಳಗಿನ ಬಿಸಿ ಆಮ್ಲದ ನೀರು ಗಟ್ಟಿ ಕಲ್ಲನ್ನು ಜೇಡಿಯಾಗಿಸಿತು, ಹಿಮನದಿಗಳು ಆ ಮೆತ್ತಗಾದ ನಡುಭಾಗವನ್ನು ಕೆರೆದು ಒಯ್ದವು.

ಆ ಕೆಲಸ ಇನ್ನೂ ನಡೆಯುತ್ತಿರುವುದನ್ನು ನೋಡಲು ಒಂದು ಮೈಲಿ ಮುಂದಕ್ಕೆ, ರಸ್ತೆಯ ಪಕ್ಕದಲ್ಲೇ ಇರುವ ಸಲ್ಫರ್ ವರ್ಕ್ಸ್‌ಗೆ ಹೋಗಿ. ಹಳೆಯ ಪರ್ವತದ ಹೊಟ್ಟೆ ಇದ್ದದ್ದು ಇಲ್ಲಿಯೇ. ಕಾರು ನಿಲ್ಲಿಸಿ ಪಾದಚಾರಿ ಹಾದಿಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಬೂದುಬಣ್ಣದ ಕೆಸರಿನ ಕುಂಡ, ಒಲೆಯ ಮೇಲಿನ ಅಂಬಲಿಯಂತೆ ಗೊಳಗೊಳ ಕುದಿಯುತ್ತಿರುತ್ತದೆ. ನಮ್ಮ ಅತ್ತೆಯವರಿಗೆ ಮೊಣಕಾಲು ನೋವು, ದೂರ ನಡೆಯಲಾರರು. ಅವರಿಗೆ ಲ್ಯಾಸೆನ್‌ನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಜಾಗ. ಹಿರಿಯರನ್ನು ಕರೆತಂದವರು ಇದನ್ನು ನೆನಪಿಡಿ.

ಕಾಲಿನಲ್ಲಿ ಬಲವಿರುವವರು ಬ್ರೋಕಾಫ್ ಮೌಂಟನ್ನನ್ನೇ ಹತ್ತಬಹುದು. ಹೋಗಿಬರಲು ಏಳೂವರೆ ಮೈಲಿ, ಏರು ಸುಮಾರು 2,600 ಅಡಿ, ತುದಿ 9,235 ಅಡಿ. ಲ್ಯಾಸೆನ್ ಶಿಖರದ ಹಾದಿಗಿಂತ ಇದು ಕಷ್ಟ, ಜನವೂ ಕಡಿಮೆ. ಮೊದಲ ದಿನ ಮಾತ್ರ ಬೇಡ. ಮೊದಲ ದಿನ ಸಲ್ಫರ್ ವರ್ಕ್ಸ್ ನೋಡಿ, ಮೂವತ್ತು ಮೈಲಿಯ ಆ ರಸ್ತೆಯನ್ನು ನಿಧಾನವಾಗಿ ದಾಟಿ, ಸಂಜೆ ಮ್ಯಾಂಜನೀಟಾ ಸರೋವರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮಲಗಿ. ಎರಡು ಮೈಲಿಗೂ ಕಡಿಮೆ, ಸಪಾಟು ಹಾದಿ. ಈ ಸರೋವರ ಹುಟ್ಟಿದ್ದು ಸುಮಾರು 350 ವರ್ಷಗಳ ಹಿಂದೆ, ಪಕ್ಕದ ಕೇಯಾಸ್ ಕ್ರ್ಯಾಗ್ಸ್ ಗುಡ್ಡದ ಒಂದು ಬದಿ ಕುಸಿದು ತೊರೆಗೆ ಅಡ್ಡ ಬಿದ್ದಾಗ. ಕುಸಿದ ಕಲ್ಲುಗಳ ಹರವು ರಸ್ತೆಯ ಪಕ್ಕದಲ್ಲೇ ಇದೆ. ಮಣ್ಣು ಸಾಲದೆ ಗಿಡ್ಡವಾಗಿಯೇ ಉಳಿದ ಮರಗಳು ಅದರ ಮೇಲೆ ನಿಂತಿವೆ.

ಬಂಪಸ್ ಹೆಲ್‌ನಲ್ಲಿ ಹಲಗೆ ಬಿಟ್ಟು ಇಳಿಯಬೇಡಿ

ಎರಡನೆಯ ದಿನದ ಬೆಳಗು ಬಂಪಸ್ ಹೆಲ್‌ಗೆ. ಹೆಲೆನ್ ಸರೋವರದ ಹತ್ತಿರದಿಂದ ಹಾದಿ ಹೊರಡುತ್ತದೆ, ಹೋಗಿಬರಲು ಮೂರು ಮೈಲಿ. ಹತ್ತು ಗಂಟೆಯ ಮೇಲೆ ಬಂದರೆ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಎಂಟಕ್ಕೆ ಅಲ್ಲಿರಿ. ತಂಪು ಹೊತ್ತಿನಲ್ಲಿ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ಗಾಳಿ ತಣ್ಣಗಿದ್ದಷ್ಟೂ ಆವಿ ದಟ್ಟವಾಗಿ ಕಾಣುತ್ತದೆ. ಮಧ್ಯಾಹ್ನಕ್ಕೆ ಅದೇ ಆವಿ ಕಣ್ಣಿಗೆ ಬೀಳದೆ ಕರಗಿಹೋಗುತ್ತದೆ.

ಹಾದಿ ಮೊದಲು ನಯವಾಗಿ ಏರಿ, ಕೊನೆಯಲ್ಲಿ ಒಂದು ಬಟ್ಟಲಿನೊಳಗೆ ಇಳಿಯುತ್ತದೆ. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ: ಕೊಳೆತ ಮೊಟ್ಟೆಯ ವಾಸನೆ, ಹೈಡ್ರೋಜನ್ ಸಲ್ಫೈಡ್. ಬೆಳ್ಳಿಯ ಕಾಲುಂಗುರ, ಗೆಜ್ಜೆ ಹಾಕಿಕೊಂಡವರು ಬಿಡಾರದಲ್ಲೇ ತೆಗೆದಿಟ್ಟು ಬರುವುದು ಒಳ್ಳೆಯದು, ಈ ಅನಿಲ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಆಸ್ತಮಾ ಇರುವವರು ಗಾಳಿ ಬೀಸುವ ದಿಕ್ಕು ನೋಡಿ ಆವಿಯ ಎದುರಿಗೆ ನಿಲ್ಲದಂತೆ ಎಚ್ಚರ ವಹಿಸಬೇಕು.

ಕೆಳಗೆ ಹದಿನಾರು ಎಕರೆಯಷ್ಟು ನೆಲ ಬಿಳಿ, ಹಳದಿ, ಕಾವಿ, ಕಿತ್ತಳೆ ಬಣ್ಣಗಳಲ್ಲಿ ಬೆಂದುಹೋಗಿದೆ. ಹಳದಿ ಎಂದರೆ ಗಂಧಕ. ಬಿಳಿ ಎಂದರೆ ಒಂದು ಕಾಲಕ್ಕೆ ಗಟ್ಟಿ ಲಾವಾ ಕಲ್ಲಾಗಿದ್ದು ಈಗ ಜೇಡಿಯಾಗಿರುವ ನೆಲ. ಕಾವಿ ಎಂದರೆ ತುಕ್ಕು ಹಿಡಿದ ಕಬ್ಬಿಣ. ಕೆಲವು ಕೊಳಗಳ ನೀರಿನ ಮೇಲೆ ಹೊನ್ನಿನ ಪುಡಿ ಉದುರಿಸಿದಂಥ ಮಿಂಚು ಕಾಣುತ್ತದೆ. ಅದು ಪೈರೈಟ್, ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ. ಈ ನೀರೆಲ್ಲ ಮೇಲಿಂದ ಬಿದ್ದ ಮಳೆ ಮತ್ತು ಹಿಮದ್ದೇ. ನೆಲದ ಬಿರುಕುಗಳಲ್ಲಿ ಆಳಕ್ಕಿಳಿದು, ಶಿಲಾಪಾಕದ, ಅಂದರೆ ಆಳದಲ್ಲಿ ಕರಗಿರುವ ಕಲ್ಲಿನ, ಬಿಸಿಗೆ ಕಾದು, ಆವಿಯಾಗಿ ಮೇಲಕ್ಕೆ ಬರುತ್ತದೆ. ಇಷ್ಟು ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಆದರೆ ಇಲ್ಲಿನ ಬಿಗ್ ಬಾಯ್ಲರ್ ಎಂಬ ಆವಿಕಂಡಿಯಲ್ಲಿ 1988ರಲ್ಲಿ ಅಳೆದಾಗ ಆವಿಯ ಬಿಸಿ 161 ಡಿಗ್ರಿ ಇತ್ತು.

ಈಗ ಈ ಬರಹದ ಅತಿ ಮುಖ್ಯವಾದ ಮಾತು. ಮರದ ಹಲಗೆಯ ಹಾದಿಯಿಂದ ಒಂದು ಹೆಜ್ಜೆಯೂ ಆಚೆ ಇಡಬೇಡಿ. ಗಟ್ಟಿ ನೆಲದಂತೆ ಕಾಣುವುದು ಎಷ್ಟೋ ಕಡೆ ತೆಳುವಾದ ಒಣ ಹಪ್ಪಳೆ ಅಷ್ಟೇ. ಅದರಡಿಯಲ್ಲಿ ಕುದಿಯುವ ಆಮ್ಲದ ಕೆಸರಿದೆ. ಈ ಜಾಗಕ್ಕೆ ಹೆಸರು ಕೊಟ್ಟ ಕೆಂಡಾಲ್ ವ್ಯಾನ್‌ಹುಕ್ ಬಂಪಸ್ ಇಲ್ಲಿಗೆ ಜನರನ್ನು ಕರೆತರುತ್ತಿದ್ದ ಮನುಷ್ಯ, ನೆಲವನ್ನು ಬಲ್ಲವನು. 1860ರ ದಶಕದಲ್ಲಿ ಅವನ ಕಾಲು ಆ ಹಪ್ಪಳೆಯನ್ನು ಒಡೆದು ಒಳಗಿಳಿಯಿತು, ಕೊನೆಗೆ ಆ ಕಾಲನ್ನೇ ಕತ್ತರಿಸಬೇಕಾಯಿತು. ಮಕ್ಕಳ ಕೈ ಹಿಡಿದುಕೊಳ್ಳಿ. ಟೋಪಿ ಹಾರಿಹೋದರೆ ಹೋಗಲಿ, ಮೊಬೈಲ್ ಬಿದ್ದರೂ ಬಿದ್ದಲ್ಲೇ ಇರಲಿ. ಸುಡುವ ನೀರಿಗಿಂತ ಹೆಚ್ಚಾಗಿ ನನಗೆ ಹೆದರಿಕೆಯಾಗುವುದು ಅಲ್ಲಿನ ನೆಲ ನೋಡಲು ಅಷ್ಟು ನಂಬಿಕೆಗೆ ಅರ್ಹವಾಗಿ ಕಾಣುತ್ತದಲ್ಲ, ಅದಕ್ಕೆ.

ಮಧ್ಯಾಹ್ನ ಊಟ ಮಾಡಿ ಕಿಂಗ್ಸ್ ಕ್ರೀಕ್ ಜಲಪಾತಕ್ಕೆ ಹೋಗಿ. ಹುಲ್ಲುಗಾವಲಿನಲ್ಲಿ ಬಳುಕುತ್ತಾ ಬಂದ ತೊರೆ ಬಂಡೆಗಳ ಮೇಲೆ ಒಮ್ಮೆಗೇ ಧುಮುಕುತ್ತದೆ. ನಮ್ಮ ಜೋಗ ನೋಡಿದವರಿಗೆ ಎತ್ತರ ಏನೂ ಅಲ್ಲ, ಆದರೆ ಬೆಳಗಿನ ಗಂಧಕದ ಗಾಳಿಯ ನಂತರ ಆ ನೀರಿನ ತಂಪು ಬೇಕೆನಿಸುತ್ತದೆ. ಮಕ್ಕಳಿದ್ದರೆ ಕೋಲ್ಡ್ ಬಾಯ್ಲಿಂಗ್ ಸರೋವರವನ್ನೂ ತೋರಿಸಿ: ನೀರು ತಣ್ಣಗಿದೆ, ಆದರೂ ತಳದಿಂದ ಅನಿಲದ ಗುಳ್ಳೆಗಳು ಎದ್ದು ಬರುತ್ತಲೇ ಇರುತ್ತವೆ.

ಶಿಖರಕ್ಕೆ ಮೊದಲು ಅದರ ಕಲ್ಲುಗಳು

ಬಿಡಾರಕ್ಕೆ ಮರಳುವ ದಾರಿಯಲ್ಲಿ ಡೆವಾಸ್ಟೇಟೆಡ್ ಏರಿಯಾ ಎಂಬ ನಿಲುಗಡೆ ಬರುತ್ತದೆ. ಅರ್ಧ ಮೈಲಿಯ ಸಪಾಟಾದ ಹಾದಿ, ಗಾಲಿಕುರ್ಚಿಯಲ್ಲೂ ಹೋಗಬಹುದು. ಎಲ್ಲರೂ ಹತ್ತು ನಿಮಿಷದಲ್ಲಿ ಮುಗಿಸಿ ಹೊರಡುತ್ತಾರೆ. ನೀವು ಒಂದು ಗಂಟೆ ಇಡಿ. ಸಂಜೆಯ ಓರೆ ಬಿಸಿಲಿನಲ್ಲಿ ಕಲ್ಲಿನ ಮೈ ಚೆನ್ನಾಗಿ ಕಾಣುತ್ತದೆ.

ನಡೆದದ್ದು ಇದು. 1914ರ ಮೇ 30ರಂದು ಲ್ಯಾಸೆನ್ ಶಿಖರ ಆವಿ ಮತ್ತು ಬೂದಿ ಉಗುಳತೊಡಗಿತು. ಒಂದು ವರ್ಷದಲ್ಲಿ ಅಂಥ 180ಕ್ಕೂ ಹೆಚ್ಚು ಸ್ಫೋಟಗಳಾದವು. 1915ರ ಮೇ 19ರ ರಾತ್ರಿ, ಬಾಯಿಯಲ್ಲಿ ಗಟ್ಟಿಯಾಗುತ್ತಿದ್ದ ಲಾವಾ ಒಡೆದು ಬಿಸಿ ಬಂಡೆಗಳು ಹಿಮದ ಮೇಲೆ ಬಿದ್ದವು. ಹಿಮ ಕುಸಿದು ಕರಗಿ, ಕಲ್ಲು ಮಣ್ಣು ಮರಗಳ ಪ್ರವಾಹವಾಗಿ ಈಶಾನ್ಯದ ಇಳಿಜಾರಿನಲ್ಲಿ ಹ್ಯಾಟ್ ಕ್ರೀಕ್ ಕಣಿವೆಗೆ ನುಗ್ಗಿತು. ಮೂರು ದಿನಗಳ ನಂತರ, ಮೇ 22ರ ಸಂಜೆ ನಾಲ್ಕರ ಹೊತ್ತಿಗೆ ದೊಡ್ಡ ಸ್ಫೋಟವಾಯಿತು. ಬೂದಿಯ ಕಂಬ 30,000 ಅಡಿಗೂ ಮೇಲಕ್ಕೆ ಎದ್ದು, 150 ಮೈಲಿ ದೂರದ ಯುರೇಕಾ ಪಟ್ಟಣಕ್ಕೂ ಕಾಣಿಸಿತು. ನುಣ್ಣನೆಯ ಬೂದಿ ನೆವಾಡಾದ ವಿನಮಕ್ಕಾದವರೆಗೂ ಉದುರಿತು. ಮರುವರ್ಷ, 1916ರ ಆಗಸ್ಟ್ 9ರಂದು ಈ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು.

ಹಾದಿಯ ಬದಿಯ ಬಂಡೆಗಳನ್ನು ಬಣ್ಣ ನೋಡಿ ವಿಂಗಡಿಸಿ. ನಸುಗೆಂಪು, ಬೂದು ಬಣ್ಣದವು ಹಳೆಯವು. ಸುಮಾರು 27,000 ವರ್ಷಗಳ ಹಿಂದೆ ಶಿಖರ ಹುಟ್ಟಿದಾಗಿನವು, ಪ್ರವಾಹ ಹೊತ್ತುತಂದದ್ದು. ಕಪ್ಪಾಗಿರುವವು ಮೇ 19ರಂದು ಬಿಸಿಬಿಸಿಯಾಗಿ ಬಂದವು. ತಿಳಿ ಬಣ್ಣದ, ಗುಳ್ಳೆಗುಳ್ಳೆಯಾದ ಹಗುರ ಕಲ್ಲು ಮೇ 22ರದ್ದು, ಪ್ಯುಮಿಸ್. ಇನ್ನೊಂದು ಬಗೆಯದರಲ್ಲಿ ಬಿಳಿಯ ಮತ್ತು ಕಂದು ಪಟ್ಟೆಗಳು ಸೇರಿಕೊಂಡಿರುತ್ತವೆ. ನನಗೆ ಅದೇ ಅಚ್ಚುಮೆಚ್ಚು. ಎರಡು ಬೇರೆ ಬೇರೆ ಶಿಲಾಪಾಕಗಳು ಒಂದಕ್ಕೊಂದು ಪೂರ್ತಿ ಬೆರೆಯುವುದಕ್ಕೂ ಹೊತ್ತಿಲ್ಲದಂತೆ ಸ್ಫೋಟಿಸಿ ಹೊರಬಂದ ಸಾಕ್ಷಿ ಅದು. ಕಪ್ಪು ಬಂಡೆಯ ಮೇಲ್ಮೈಯಲ್ಲಿ ದುಂಡಗಿನ ಗಾಢ ಕಲೆಗಳೂ ಕಾಣುತ್ತವೆ. ಆಳದಿಂದ ನುಗ್ಗಿದ ಹೆಚ್ಚು ಬಿಸಿಯಾದ ಶಿಲಾಪಾಕ ಮೇಲಿದ್ದ ತಣ್ಣನೆಯದರೊಳಗೆ ಹೆಪ್ಪುಗಟ್ಟಿದ ಉಂಡೆಗಳು ಅವು. ಸ್ಫೋಟಕ್ಕೆ ಕಿಡಿ ಹಚ್ಚಿದ್ದು ಆ ನುಗ್ಗುವಿಕೆಯೇ. ಕಲ್ಲುಗಳನ್ನು ಮುಟ್ಟಿ ನೋಡಿ, ಹಗುರಾದದ್ದನ್ನು ಮಕ್ಕಳ ಕೈಗೆ ಕೊಟ್ಟು ನೋಡಿ, ಮತ್ತೆ ಅಲ್ಲೇ ಇಡಿ. ಒಂದು ಚೂರನ್ನೂ ಮನೆಗೆ ಒಯ್ಯುವಂತಿಲ್ಲ, ಅದು ಕಾನೂನು.

ನಾನು ವಿಜಯಪುರದವಳು. ನಮ್ಮ ಎರೆಮಣ್ಣು, ಮನೆಯ ಗೋಡೆಯ ಕಲ್ಲು, ಗೋಳಗುಮ್ಮಟದ ಕಲ್ಲು ಎಲ್ಲವೂ ಲಾವಾದಿಂದಲೇ ಆದವು. ನಮ್ಮಪ್ಪ ವಿಜ್ಞಾನದ ಮೇಷ್ಟ್ರಾಗಿದ್ದವರು. ಇಲ್ಲಿಗೆ ಬಂದಾಗ ಒಂದು ಬಂಡೆಯ ಮುಂದೆ ಕೂತು, ನಮ್ಮ ಕಡೆ ನೆಲವೆಲ್ಲ ಲಾವಾ ಆದರೂ ಇಂಥ ಶಿಖರ ಒಂದೂ ಇಲ್ಲವಲ್ಲ, ಯಾಕೆ ಎಂದು ಕೇಳಿದರು. ಉತ್ತರ ಲಾವಾದ ಸ್ವಭಾವದಲ್ಲಿದೆ. ನಮ್ಮ ಕಡೆಯದು ಬಸಾಲ್ಟ್, ಸಿಲಿಕಾ ಕಡಿಮೆ, ಆದ್ದರಿಂದ ನೀರುನೀರಾಗಿ ನೂರಾರು ಮೈಲಿ ಹರಿದು ಪದರ ಪದರವಾಗಿ ಕೂತಿತು. ಲ್ಯಾಸೆನ್ ಶಿಖರದ್ದು ಡೇಸೈಟ್, ಸಿಲಿಕಾ ಹೆಚ್ಚು, ಮಂದ. ಅದು ಹರಿಯಲಾರದೆ ಬಾಯಿಯಲ್ಲೇ ಗುಪ್ಪೆಯಾಗಿ ಬೆಳೆಯುತ್ತದೆ, ಒಳಗಿನ ಅನಿಲ ಹೊರಹೋಗಲಾರದೆ ಸಿಡಿಯುತ್ತದೆ. ಇಡೀ ಶಿಖರವೇ ಅಂಥ ಒಂದು ಗುಪ್ಪೆ, ಜಗತ್ತಿನ ಅತಿ ದೊಡ್ಡ ಲಾವಾ ಗುಮ್ಮಟಗಳಲ್ಲಿ ಒಂದು. ಇದಿಷ್ಟು ತಿಳಿದುಕೊಂಡು ನಾಳೆ ಹತ್ತಿದರೆ ಕಾಲಡಿಯ ಪ್ರತಿ ಕಲ್ಲೂ ಬೇರೆಯಾಗಿ ಕಾಣುತ್ತದೆ. ಅಪ್ಪ ಮರುದಿನ ಬುಡದಲ್ಲೇ ಉಳಿದರು, ಆದರೆ ಇಳಿದುಬಂದ ನನ್ನ ಮಗನನ್ನು ಕೂರಿಸಿಕೊಂಡು ಮೇಲೆ ಯಾವ ಕಲ್ಲು ಕಂಡೆ ಎಂದು ಒಂದೊಂದಾಗಿ ಕೇಳಿದರು.

ಶಿಖರ

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಹಾದಿಯ ಬುಡದಲ್ಲಿರಿ. ಹೋಗಲು ಎರಡೂವರೆ ಮೈಲಿ, ಬರಲು ಅಷ್ಟೇ, ಏರು 1,957 ಅಡಿ, ತುದಿ 10,457 ಅಡಿ. ದೂರ ಕೇಳಿದರೆ ಸಣ್ಣದು, ಆದರೆ ಶುರುವಾಗುವುದೇ 8,500 ಅಡಿಯಿಂದ. ತಲೆಗೆ ಒಂದಕ್ಕೆ ಎರಡೂವರೆ ಲೀಟರ್ ನೀರು ಬೇಕು. ಹಾದಿಯಲ್ಲಿ ನೀರಿಲ್ಲ, ಸ್ವಲ್ಪ ಮೇಲೇರಿದರೆ ನೆರಳೂ ಇಲ್ಲ. ಅಗಲ ಅಂಚಿನ ಟೋಪಿ, ತುಟಿಗೂ ಕಿವಿಗೂ ಸೇರಿ ಬಿಸಿಲು ತಡೆಯುವ ಮುಲಾಮು, ಗಾಳಿ ತಡೆಯುವ ಒಂದು ಅಂಗಿ. ಕೆಳಗೆ ಸೆಕೆ ಇದ್ದರೂ ಮೇಲೆ ಗಾಳಿ ಕೊರೆಯುತ್ತದೆ. ಇಳಿಯುವಾಗ ಸಡಿಲ ಜಲ್ಲಿಯಲ್ಲಿ ಮೊಣಕಾಲಿಗೆ ನೋವಾಗದಿರಲು ಊರುಗೋಲುಗಳನ್ನು ತನ್ನಿ.

ಮಾತನಾಡುತ್ತಾ ನಡೆಯಲು ಆಗುವಷ್ಟೇ ವೇಗ ಇಟ್ಟುಕೊಳ್ಳಿ. ಉಸಿರು ಕಟ್ಟಿ ಮಾತು ತುಂಡಾಗತೊಡಗಿದರೆ ನಿಲ್ಲಿ. ತಲೆನೋವಿನ ಜೊತೆ ವಾಕರಿಕೆ ಬಂದರೆ ಅಲ್ಲಿಂದಲೇ ಇಳಿಯಿರಿ. ಹಾದಿ ಹಾವಿನಂತೆ ಹೊರಳುತ್ತಾ ಏರುತ್ತದೆ. ಒಂದು ತಿರುವಿನಿಂದ ಇನ್ನೊಂದಕ್ಕೆ ಇಳಿಜಾರಿನಲ್ಲಿ ಅಡ್ಡಹಾಯುವವರನ್ನು ಅನುಸರಿಸಬೇಡಿ, ಅವರು ಉರುಳಿಸುವ ಕಲ್ಲು ಕೆಳಗಿನವರ ತಲೆಗೆ ಬೀಳುತ್ತದೆ, ಆ ಸಡಿಲ ಮಣ್ಣು ಮತ್ತೆ ಕೂಡಿಕೊಳ್ಳುವುದಿಲ್ಲ. ಕಡೆಯ ಮರಗಳು ಬಿಳಿತೊಗಟೆಯ ಪೈನ್‌ಗಳು. ಅವುಗಳ ಬೀಜವನ್ನು ಕುಕ್ಕಿ ನೆಲದಲ್ಲಿ ಹೂತಿಡುವ ಬೂದುಬಣ್ಣದ ನಟ್‌ಕ್ರ್ಯಾಕರ್ ಹಕ್ಕಿಯ ಕರ್ಕಶ ಕೂಗು ಕೇಳಿಸುತ್ತದೆ. ಅದು ಮರೆತ ಬೀಜಗಳಿಂದಲೇ ಈ ಕಾಡು ಮತ್ತೆ ಹುಟ್ಟುತ್ತದೆ. ಕೆಲವು ಬೇಸಿಗೆಗಳಲ್ಲಿ ಟಾರ್ಟಾಯ್ಸ್‌ಶೆಲ್ ಚಿಟ್ಟೆಗಳು ಸಾವಿರಗಟ್ಟಲೆ ಶಿಖರದವರೆಗೂ ಹಾರಿಬರುತ್ತವೆ.

ಮೇಲೆ ತಲುಪಿದ ಮೇಲೆ ತುದಿಬಂಡೆಯತ್ತ ಓಡುವ ಮುಂಚೆ ಒಂದು ಕ್ಷಣ ನಿಂತು ನೋಡಿ. ಮುಂದಿರುವ ಕಪ್ಪು ಮುರುಕು ಕಲ್ಲಿನ ರಾಶಿ 1915ರ ಮೇ ತಿಂಗಳ ಲಾವಾ. ಈಶಾನ್ಯಕ್ಕೆ ಬಾಗಿ ನೋಡಿದರೆ ಸುತ್ತಲಿನ ಕಾಡಿಗಿಂತ ಎಳೆಯದಾದ, ತೆಳುವಾದ ಮರಗಳ ಪಟ್ಟೆ ಕಣಿವೆಗೆ ಇಳಿಯುತ್ತದೆ. ನೀವು ನಿನ್ನೆ ಸಂಜೆ ಕಲ್ಲು ಮುಟ್ಟಿದ ಜಾಗ ಅಲ್ಲಿದೆ. ನೈಋತ್ಯದಲ್ಲಿ ಬ್ರೋಕಾಫ್, ಡಿಲರ್, ಕೊನಾರ್ಡ್‌ಗಳ ಮುರಿದ ಉಂಗುರ. ವಾಯವ್ಯದಲ್ಲಿ ದೂರಕ್ಕೆ ಬಿಳಿಯ ಮೌಂಟ್ ಶಾಸ್ತಾ. ಇವೆಲ್ಲ ಒಂದೇ ಸಾಲಿನವು: ಪೆಸಿಫಿಕ್ ಸಾಗರದ ತಳದ ಗೋರ್ಡಾ ಎಂಬ ಭೂಫಲಕ ಉತ್ತರ ಅಮೆರಿಕದ ಅಡಿಗೆ ಜಾರುತ್ತಿರುವುದರಿಂದ ಹುಟ್ಟಿದ ಕ್ಯಾಸ್ಕೇಡ್ ಜ್ವಾಲಾಮುಖಿಗಳು, ಲ್ಯಾಸೆನ್ ಅವುಗಳಲ್ಲಿ ದಕ್ಷಿಣದ ಕೊನೆಯದು.

ತುದಿಬಂಡೆಗೆ ಕೈಕಾಲು ಎರಡನ್ನೂ ಬಳಸಿ ಹತ್ತಬೇಕು. ಎತ್ತರದ ಹೆದರಿಕೆ ಇರುವವರು ಇಲ್ಲಿಗೇ ನಿಂತರೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಹನ್ನೊಂದರ ಒಳಗೆ ಇಳಿಯತೊಡಗಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮೋಡ ಕಟ್ಟಿ ಸಿಡಿಲು ಬಡಿಯುವುದುಂಟು, ಈ ಬೋಳು ಶಿಖರದಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ.

ಮೇಲಿನಿಂದ ಪೂರ್ವಕ್ಕೆ ನೋಡಿದಾಗ ಕಾಣುವ ಬೂದು, ಕಪ್ಪು ಕಡ್ಡಿಗಳ ಕಾಡು 2021ರ ಡಿಕ್ಸಿ ಕಾಳ್ಗಿಚ್ಚಿನದು. ಸುಮಾರು 9,63,000 ಎಕರೆ ಸುಟ್ಟ ಆ ಬೆಂಕಿ ಉದ್ಯಾನದ ಮೂರನೇ ಎರಡು ಭಾಗವನ್ನು ಹಾದುಹೋಯಿತು. ಅದನ್ನು ಮೊದಲ ಸಲ ಕಂಡಾಗ ನಾನು ಅತ್ತಿದ್ದೇನೆ. ಈಗ ಆ ನೆಲದಲ್ಲಿ ಪೊದೆ, ಹುಲ್ಲು, ಲ್ಯುಪಿನ್ ಹೂಗಳು ಬರುತ್ತಿವೆ. ಆದರೂ ನಡೆಯುವವರಿಗೆ ಅಪಾಯ ಹೋಗಿಲ್ಲ. ಸತ್ತು ನಿಂತ ಮರಗಳು ಗಾಳಿಗೆ ಸದ್ದಿಲ್ಲದೆ ಬೀಳುತ್ತವೆ. ಜೋರು ಗಾಳಿಯ ದಿನ ಸುಟ್ಟ ಕಾಡಿನ ಹಾದಿ ಹಿಡಿಯಬೇಡಿ, ಯಾವ ದಿನವೂ ಅಂಥ ಮರದಡಿ ಕೂತು ಬುತ್ತಿ ಬಿಚ್ಚಬೇಡಿ.

ಸಿಂಡರ್ ಕೋನ್, ಆಮೇಲೆ ಮನೆಯ ದಾರಿ

ಕೊನೆಯ ದಿನ ಬಿಡಾರ ಎತ್ತಿಕೊಂಡು, ವಾಯವ್ಯದ ಬಾಗಿಲಿನಿಂದ ಹೊರಬಿದ್ದು 44ನೇ ಹೆದ್ದಾರಿಯಲ್ಲಿ ಸುತ್ತುಹಾಕಿ ಬ್ಯೂಟ್ ಸರೋವರಕ್ಕೆ ಹೋಗಿ. ಕೊನೆಯ ಆರು ಮೈಲಿ ಜಲ್ಲಿ ರಸ್ತೆ, ಸಾಮಾನ್ಯ ಕಾರು ಸಾಕು. ಇಲ್ಲಿಂದ ಸಿಂಡರ್ ಕೋನ್‌ಗೆ ಹೋಗಿಬರಲು ನಾಲ್ಕು ಮೈಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಎತ್ತಿನ ಬಂಡಿಗಳಲ್ಲಿ ಬಂದ ವಲಸಿಗರು ಬಳಸಿದ ನೋಬಲ್ಸ್ ಹಾದಿಯಲ್ಲೇ ನಡೆಯುತ್ತೀರಿ, ಪಕ್ಕದಲ್ಲಿ ಕಪ್ಪು ಲಾವಾದ ಗೋಡೆ ಜೊತೆಜೊತೆಗೆ ಬರುತ್ತದೆ.

ಗುಡ್ಡ ಬುಡದಿಂದ 750 ಅಡಿಯಷ್ಟೇ ಎತ್ತರ. ಆದರೆ ಪೂರ್ತಿ ಸಡಿಲ ಕಿಟ್ಟದ ರಾಶಿ. ಇಟ್ಟ ಹೆಜ್ಜೆಯಲ್ಲಿ ಅರ್ಧ ಹಿಂದಕ್ಕೆ ಜಾರುತ್ತದೆ. ಪಾದದ ಗಂಟಿನ ಮೇಲೆ ಬರುವ ಬೂಟು ಹಾಕಿ, ಒಳಗೆ ಕಲ್ಲು ಸೇರದಂತೆ ಪ್ಯಾಂಟಿನ ಅಂಚನ್ನು ಬಿಗಿಯಿರಿ. ಎಂಟು ಗಂಟೆಯೊಳಗೆ ಹತ್ತತೊಡಗಿ, ಬಿಸಿಲೇರಿದರೆ ಈ ಕಪ್ಪು ನೆಲ ಕಾದ ಹಂಚೇ. ಮೇಲೆ ಒಂದರೊಳಗೊಂದು ಎರಡು ಅಂಚುಗಳ ಬಾಯಿ ಇದೆ, ಒಳಕ್ಕೆ ಇಳಿಯಲು ಹಾದಿಯೂ ಇದೆ. ದಕ್ಷಿಣದ ಅಂಚಿನಿಂದ ಕೆಳಗೆ ನೋಡಿ: ಕೆಂಪು, ಕಿತ್ತಳೆ, ಬೂದು ಬಣ್ಣದ ಪೇಂಟೆಡ್ ಡ್ಯೂನ್ಸ್. ಇನ್ನೂ ಬಿಸಿಯಾಗಿದ್ದ ಲಾವಾದ ಮೇಲೆ ಬಿದ್ದ ಬೂದಿ ಹಾಗೆ ಬಣ್ಣ ತಿರುಗಿದ್ದು. ಅದರ ಮೇಲೆ ಕಾಲಿಡಬೇಡಿ, ಹೆಜ್ಜೆಗುರುತು ಬಹಳ ವರ್ಷ ಉಳಿಯುತ್ತದೆ.

ಇದು 1850ರ ಸುಮಾರಿಗೆ ಉರಿದದ್ದನ್ನು ಕಂಡೆವು ಎಂದವರಿದ್ದರು. ಮರದ ಉಂಗುರಗಳೂ ಕಲ್ಲಿನಲ್ಲಿ ಉಳಿದ ಕಾಂತೀಯ ದಿಕ್ಕೂ ಬೇರೆ ಕಾಲ ಹೇಳುತ್ತವೆ: 1666ರ ಆಸುಪಾಸು. ಆಗ ನಮ್ಮೂರಿನಲ್ಲಿ ಆದಿಲ್‌ಶಾಹಿಗಳ ಆಳ್ವಿಕೆ ಇನ್ನೂ ನಡೆಯುತ್ತಿತ್ತು, ಗೋಳಗುಮ್ಮಟದ ಕೆಲಸ ನಿಂತು ಹತ್ತು ವರ್ಷವಾಗಿತ್ತಷ್ಟೇ. ಮಕ್ಕಳಿಗೆ ನಾನು ಕಾಲವನ್ನು ಹೀಗೆಯೇ ಅಳೆದು ತೋರಿಸುತ್ತೇನೆ, ಬರಿಯ ಇಸವಿ ಹೇಳಿದರೆ ಅವರ ಮನಸ್ಸಿಗೆ ಇಳಿಯುವುದಿಲ್ಲ.

ಮರಳುವಾಗ ಓಲ್ಡ್ ಸ್ಟೇಷನ್ ಹತ್ತಿರ ಸಬ್‌ವೇ ಕೇವ್ ಬಿಡಬೇಡಿ. ಉದ್ಯಾನದ ಹೊರಗೆ, ಲ್ಯಾಸೆನ್ ರಾಷ್ಟ್ರೀಯ ಅರಣ್ಯದಲ್ಲಿದೆ. ಇದು ಹರಿಯುವ ಬಸಾಲ್ಟಿನ ಕೆಲಸ: ಲಾವಾ ನದಿಯ ಮೇಲ್ಪದರ ಗಟ್ಟಿಯಾಗಿ ಒಳಗಿನದು ಹರಿದುಹೋದ ಮೇಲೆ ಉಳಿದ ಸುರಂಗ. ಉದ್ದ ಮೈಲಿಯ ಮೂರನೇ ಒಂದು ಭಾಗ, ಬೇಸಿಗೆಯಲ್ಲೂ ಎಂಟು ಡಿಗ್ರಿ ಚಳಿ, ಒಳಗೆ ಕಣ್ಣಿಗೆ ಕಣ್ಣು ಕಾಣದ ಕತ್ತಲು. ಸ್ವೆಟರ್ ಹಾಕಿಕೊಳ್ಳಿ. ಪ್ರತಿಯೊಬ್ಬರಿಗೂ ಒಂದೊಂದು ಟಾರ್ಚ್ ಇರಲಿ, ಮೊಬೈಲಿನ ಬೆಳಕು ಸಾಲದು. ನೆಲ ಏರುಪೇರಾಗಿದೆ, ಎಡವುತ್ತೀರಿ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಒಂದು ತುದಿಯಲ್ಲಿ ಇಳಿದರೆ ಇನ್ನೊಂದು ತುದಿಯಲ್ಲಿ ಹೊರಬರುತ್ತೀರಿ, ಅಲ್ಲಿಂದ ಮೇಲಿನ ಕಾಲುಹಾದಿ ನಿಮ್ಮನ್ನು ಕಾರಿನ ಬಳಿಗೆ ತಂದು ಬಿಡುತ್ತದೆ. ಅಲ್ಲಿಂದ 44ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಇಳಿದರೆ ರೆಡ್ಡಿಂಗ್, ಮತ್ತೆ ಐದನೇ ನಂಬರ್ ಹೆದ್ದಾರಿ.